ಮೂರು ರೂಪಾಯಿ ಬಡ್ಡಿಯ ಊರಲ್ಲಿ ಸಾಫ್ಟ್‌ವೇರ್ ಯಾರು ಕೊಳ್ಳುತ್ತಾರೆ?

ದಾವಣಗೆರೆ ಬಿಲ್ಲಿಂಗ್

ಎಲ್ಲರಿಗೂ ನಮಸ್ಕಾರ. ನಾವು ಹಾರ್ಡ್‌ವೇರ್, ಮೆಡಿಕಲ್, ಬಟ್ಟೆ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಬಿಲ್ ಹಾಕುವ ಭಾಗ ಮಾರಾಟವಾಗುತ್ತದೆ. ಜಿಎಸ್‌ಟಿ ರಿಟರ್ನ್ ಭಾಗ ಇನ್ನೂ ಚೆನ್ನಾಗಿ ಹೋಗುತ್ತದೆ, 2017ರ ಜುಲೈನಿಂದ ಅದಿಲ್ಲದೆ ಆಗುವುದೇ ಇಲ್ಲ. ಆದರೆ 'ದಿನಕ್ಕೆ ಎರಡು ಗಂಟೆ ಕೆಲಸ ಉಳಿಯುತ್ತದೆ ಸರ್' ಅಂತ ತೋರಿಸಿದ ಯಾವ ಭಾಗವೂ ಹೋಗುತ್ತಿಲ್ಲ. ಮಾಲೀಕರು ಕಾಫಿ ಕೊಟ್ಟು, ಪೂರ್ತಿ ಕೇಳಿಸಿಕೊಂಡು, 'ನೋಡೋಣ' ಅಂತ ಕಳಿಸುತ್ತಾರೆ.

'ನಮ್ಮ ವ್ಯಾಪಾರಿಗಳಿಗೆ ತಿಳಿವಳಿಕೆ ಇಲ್ಲ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅವರು ನಮಗಿಂತ ಚೆನ್ನಾಗಿ ಲೆಕ್ಕ ಹಾಕುತ್ತಾರೆ. ಕಾರಣ ಇರುವುದು ದುಡ್ಡಿನ ಬೆಲೆಯಲ್ಲಿ.

ಅಂಗಡಿಗೆ ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ) ಇದ್ದರೆ ಅದು ವರ್ಷಕ್ಕೆ ಶೇ 10–11. ಆ ಮಿತಿ ಸಾಮಾನ್ಯವಾಗಿ ಪೂರ್ತಿ ಬಳಕೆಯಲ್ಲೇ ಇರುತ್ತದೆ. ಅದರಾಚೆ ಬೇಕಾದ ದುಡ್ಡು ಫೈನಾನ್ಸ್ ಕಂಪನಿಯಿಂದ ಶೇ 20–24ಕ್ಕೆ ಬರಬೇಕು, ಇಲ್ಲವೇ ಕೈಸಾಲವಾಗಿ ನೂರಕ್ಕೆ ತಿಂಗಳಿಗೆ ಎರಡು, ಮೂರು ರೂಪಾಯಿಗೆ ಬರಬೇಕು. ಮೂರು ರೂಪಾಯಿ ಅಂದರೆ ವರ್ಷಕ್ಕೆ ಶೇ 36. ಹೊಸದಾಗಿ ಏನೇ ತಂದರೂ ಅದನ್ನು ಈ ದುಬಾರಿ ದುಡ್ಡಲ್ಲೇ ತಂದಂತೆ.

ಈಗ ಅಂಗಡಿಯ ಹುಡುಗನನ್ನು ನೋಡಿ. 12 ಸಾವಿರ ಸಂಬಳ. ಅವನು ಮೊದಲು ತಿಂಗಳು ಪೂರ್ತಿ ದುಡಿಯುತ್ತಾನೆ, ಆಮೇಲೆ ದುಡ್ಡು ತಗೊಳ್ಳುತ್ತಾನೆ. ಅಂದರೆ ಅವನೇ ಮಾಲೀಕರಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದಾನೆ. ನಮ್ಮದು ಉಲ್ಟಾ. ವರ್ಷದ ದುಡ್ಡು ಈಗಲೇ ಕೊಡಿ, ಲಾಭ ಆಮೇಲೆ ಕಾಣುತ್ತದೆ ಅನ್ನುತ್ತೇವೆ. ವ್ಯಾಪಾರ ಬಿದ್ದರೆ ಹುಡುಗನನ್ನು ಬಿಡಿಸಬಹುದು, ಕಟ್ಟಿದ ಲೈಸೆನ್ಸ್ ದುಡ್ಡು ವಾಪಸ್ ಬರುವುದಿಲ್ಲ.

ಹಾಗಾಗಿ ನನಗೆ ಅನ್ನಿಸುವುದು ಇಷ್ಟು: ದುಡ್ಡು ದುಬಾರಿ ಇರುವಲ್ಲಿ ಸಮಯ ಉಳಿಸುವ ಸಾಫ್ಟ್‌ವೇರ್‌ಗೆ ಗಿರಾಕಿ ಇಲ್ಲ. ಸಿಕ್ಕಿಹಾಕಿಕೊಂಡ ದುಡ್ಡು ಬಿಡಿಸುವ, ಅಥವಾ ಅಗ್ಗದ ದುಡ್ಡು ತರುವ ಸಾಫ್ಟ್‌ವೇರ್‌ಗೆ ಮಾತ್ರ ಇದೆ. ನಿಮ್ಮ ನಿಮ್ಮ ಕಸುಬಿನಲ್ಲಿ ಇದು ಹೀಗೇ ಇದೆಯಾ?

ತುಮಕೂರು ಹಾರ್ಡ್‌ವೇರ್

ಸರ್, ಸಂಬಳದ ಮಾತು ನೂರಕ್ಕೆ ನೂರು ನಿಜ. ಆದರೆ ನಿಮ್ಮ ಮಾತಿನಂತೆಯೇ ಹೋದರೆ, ಸ್ಟಾಕ್ ಕಮ್ಮಿ ಮಾಡುವ ಸಾಫ್ಟ್‌ವೇರ್ ನಮ್ಮಲ್ಲಿ ಓಡಬೇಕಿತ್ತು. 20 ಲಕ್ಷದ ಸ್ಟಾಕ್‌ಗೆ ಎರಡು ರೂಪಾಯಿ ಬಡ್ಡಿ ಹಾಕಿದರೆ ತಿಂಗಳಿಗೆ 40 ಸಾವಿರ. ಆದರೂ ಯಾರೂ ಕೊಳ್ಳುತ್ತಿಲ್ಲ, ಯಾಕೆ?

ನನ್ನ ಅನುಭವ ಹೇಳುತ್ತೇನೆ. ಸ್ಟಾಕ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ನನ್ನ ದುಡ್ಡೇ ಅಲ್ಲ, ಡಿಸ್ಟ್ರಿಬ್ಯೂಟರ್ ಕೊಟ್ಟ ಉದ್ರಿ. ಅದಕ್ಕೆ ಬಡ್ಡಿ ಇದೆ ಅಂತ ಬಿಲ್‌ನಲ್ಲಿ ಎಲ್ಲೂ ಬರೆದಿರುವುದಿಲ್ಲ. ಇರುವುದು ಕ್ಯಾಶ್ ಡಿಸ್ಕೌಂಟಿನಲ್ಲಿ. ಕೂಡಲೇ ಕಟ್ಟಿದರೆ ಶೇ 3 ಸಿಡಿ, ಇಲ್ಲವೆಂದರೆ 30 ದಿನ. ಆ ಶೇ 3 ಬಿಟ್ಟುಕೊಟ್ಟರೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಕೊಟ್ಟ ಹಾಗೇ ಆಯಿತು, ಅಲ್ವಾ? ಆದರೆ ಅದು ಖರ್ಚಾಗಿ ಕಾಣುವುದಿಲ್ಲ. ಸಿಗದೆ ಹೋದ ರಿಯಾಯಿತಿ ಅಷ್ಟೇ ಅನ್ನಿಸುತ್ತದೆ.

ಇನ್ನೊಂದು. ನನ್ನ ಅಂಗಡಿಯಲ್ಲಿ ಸ್ಟಾಕ್ ನಿಜವಾಗಿ ಇಳಿಸಿದ್ದು ಪೇಂಟ್ ಟಿಂಟಿಂಗ್ ಮಷೀನ್. ಮೊದಲು ಪ್ರತಿ ಬಣ್ಣಕ್ಕೂ ಒಂದು ಲೀಟರ್, ನಾಲ್ಕು ಲೀಟರ್, ಹತ್ತು ಲೀಟರ್ ಡಬ್ಬ ಇಡಬೇಕಿತ್ತು. ಅಣ್ಣ ತಮ್ಮ ಇಬ್ಬರೂ ಸೇರಿ ಗೋಡೌನ್ ತುಂಬಿಸಿಟ್ಟರೂ ಗಿರಾಕಿ ಕೇಳುವ ತಿಳಿಹಸಿರು ಇರುತ್ತಿರಲಿಲ್ಲ. ಈಗ ಕೆಲವೇ ಬಗೆಯ ಬಿಳಿ ಬೇಸ್ ಡಬ್ಬ, ಮಷೀನ್‌ನಲ್ಲಿ ಹತ್ತು ಹನ್ನೆರಡು ಬಣ್ಣದ ದ್ರವ. ಕಂಪ್ಯೂಟರಲ್ಲಿ ಶೇಡ್ ನಂಬರ್ ಒತ್ತಿದರೆ ಅಳೆದು ಹನಿ ಹಾಕುತ್ತದೆ, ಪಕ್ಕದ ಮಷೀನ್ ಅಲುಗಾಡಿಸುತ್ತದೆ, ಡಬ್ಬ ರೆಡಿ. ಸಾವಿರಾರು ಬಣ್ಣ ಕೊಡುತ್ತೇನೆ, ಆದರೆ ಕಟ್ಟಿಹಾಕಿದ ದುಡ್ಡು ಮೊದಲಿಗಿಂತ ಕಮ್ಮಿ.

ಅದು ಸಾಫ್ಟ್‌ವೇರೇ ತಾನೆ? ಆದರೆ ಅದನ್ನು ಸಾಫ್ಟ್‌ವೇರ್ ಅಂತ ನನಗೆ ಯಾರೂ ಮಾರಲಿಲ್ಲ. ಪೇಂಟ್ ಕಂಪನಿಯೇ ತಂದು ಕೂರಿಸಿತು, ಅದರ ಕಂತನ್ನು ಕಂಪನಿಯೇ ನನ್ನ ಲೆಕ್ಕದಲ್ಲಿ ಕಳೆಯುತ್ತಾ ಹೋಯಿತು.

ದಾವಣಗೆರೆ ಬಿಲ್ಲಿಂಗ್

ಇದು ನಾನು ಯೋಚಿಸದೇ ಇದ್ದ ಕಡೆಗೆ ಕರೆದುಕೊಂಡು ಹೋಗುತ್ತಿದೆ ಸರ್. ಏಷ್ಯನ್ ಪೇಂಟ್ಸ್ 1970ರ ಹೊತ್ತಿಗೇ ಕಂಪ್ಯೂಟರ್ ತಂದಿತ್ತು. ಯಾವ ಊರಲ್ಲಿ ಯಾವ ಬಣ್ಣ ಎಷ್ಟು ಹೋಗುತ್ತದೆ ಅಂತ ಲೆಕ್ಕ ಹಾಕಿ, ಡೀಲರ್ ಅಂಗಡಿಗೆ ದಿನಕ್ಕೆ ಮೂರು ನಾಲ್ಕು ಸಲ ಮಾಲು ಕಳಿಸುವಷ್ಟು ಪಳಗಿತು. ದಿನಕ್ಕೆ ಮೂರು ಸಲ ಮಾಲು ಬರುತ್ತದೆ ಅಂದರೆ ಡೀಲರ್ ತಿಂಗಳ ಸ್ಟಾಕ್ ಯಾಕೆ ಇಡಬೇಕು? ಡೀಲರ್‌ನ ಬಡ್ಡಿ ಉಳಿಸಿದ್ದು ಡೀಲರ್ ಕೊಂಡ ಸಾಫ್ಟ್‌ವೇರ್ ಅಲ್ಲ, ಮೇಲಿನವರು ಕೊಂಡದ್ದು.

ಯಾರ ಹತ್ತಿರ ಅಗ್ಗದ ದುಡ್ಡು ಇದೆಯೋ ಅವರು ಸಾಫ್ಟ್‌ವೇರ್ ಕೊಳ್ಳುತ್ತಾರೆ. ಉಪಯೋಗ ಕೆಳಗೆ ಇಳಿಯುತ್ತದೆ, ಮಾಹಿತಿ ಮತ್ತು ಹಿಡಿತ ಮೇಲೇ ಉಳಿಯುತ್ತದೆ. ಸಾಬೂನು, ಬಿಸ್ಕತ್ತು ಕಂಪನಿಗಳ ಡಿಸ್ಟ್ರಿಬ್ಯೂಟರ್ ಕಡೆಯಲ್ಲೂ ಇದೇ ಕಥೆ, ಲೈನ್ ಸೇಲ್ಸ್‌ಮನ್ ಕೈಯಲ್ಲಿರುವ ಆಪ್ ಕಂಪನಿಯದ್ದು.

ಪೀಣ್ಯ ಜಾಬ್‌ವರ್ಕ್

ನಮ್ಮ ಕಡೆಯ ಚಿತ್ರ ಸ್ವಲ್ಪ ಬೇರೆ. ಸಿಎನ್‌ಸಿ ಟರ್ನಿಂಗ್ ಮಷೀನಿಗೆ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮಷೀನ್) 20 ಲಕ್ಷದ ಮೇಲೆ ಬೇಕು. ಅದಕ್ಕೆ ಬ್ಯಾಂಕು ಸಾಲ ಕೊಡುತ್ತದೆ. ಯಾಕೆಂದರೆ ನಾಳೆ ನಾನು ಕಟ್ಟದಿದ್ದರೆ ಮಷೀನ್ ಎತ್ತಿಕೊಂಡು ಹೋಗಿ ಮಾರಬಹುದು, ಪೀಣ್ಯದಲ್ಲೇ ಹಳೆ ಮಷೀನಿಗೆ ಗಿರಾಕಿ ಇದ್ದಾರೆ. ಸಾಫ್ಟ್‌ವೇರ್ ಲೈಸೆನ್ಸ್ ಎತ್ತಿಕೊಂಡು ಹೋಗಿ ಯಾರಿಗೆ ಮಾರುತ್ತಾರೆ? ಅದಕ್ಕೇ ಸಾಲ ಇಲ್ಲ. ಮಷೀನಿಗೆ ಶೇ 11ರ ದುಡ್ಡು, ಅದರ ಪ್ರೋಗ್ರಾಂ ಬರೆಯುವ ಕ್ಯಾಮ್ ಸಾಫ್ಟ್‌ವೇರಿಗೆ ಜೇಬಿನ ದುಡ್ಡು.

ಆದ್ದರಿಂದ ಇಲ್ಲಿ ಒಂದು ಪದ್ಧತಿ ಬೆಳೆದಿದೆ. ಮಷೀನ್ ಕೊಟೇಶನ್‌ನಲ್ಲೇ ಸಾಫ್ಟ್‌ವೇರ್, ಟೂಲಿಂಗ್, ಟ್ರೈನಿಂಗ್ ಎಲ್ಲ ಒಂದೇ ಪ್ಯಾಕೇಜ್ ಅಂತ ಸೇರಿಸಿ ಬರೆಸುತ್ತೇವೆ. ಪೂರ್ತಿ ಮೊತ್ತಕ್ಕೆ ಸ್ಯಾಂಕ್ಷನ್ ಆಗುತ್ತದೆ. ಹೀಗೆ ಮಾಡಲಾಗದವರು ಕದ್ದ ಕಾಪಿ ಬಳಸುತ್ತಾರೆ. ಅದು ಸರಿ ಅಂತ ಹೇಳುತ್ತಿಲ್ಲ, ಆದರೆ ಯಾಕೆ ಆಗುತ್ತದೆ ಅಂತ ಸಾಫ್ಟ್‌ವೇರ್ ಮಾರುವವರು ತಿಳಿದುಕೊಳ್ಳಬೇಕು.

ನಮ್ಮ ನಿಜವಾದ ಗಾಯ ಇರುವುದು ಪೇಮೆಂಟ್‌ನಲ್ಲಿ. ಎಂಎಸ್‌ಎಂಇಡಿ ಕಾಯ್ದೆ, ಅಂದರೆ ಸಣ್ಣ ಉದ್ಯಮಗಳ ಕಾಯ್ದೆ, ಬಂದದ್ದು 2006ರಲ್ಲಿ. ಒಪ್ಪಂದ ಏನೇ ಇರಲಿ, ನಮಗೆ ದುಡ್ಡು ಕೊಡಲು 45 ದಿನ ಮೀರುವ ಹಾಗಿಲ್ಲ ಅನ್ನುತ್ತದೆ. ತಡವಾದರೆ ಆರ್‌ಬಿಐ ಗೊತ್ತುಮಾಡಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಕಾಗದದಲ್ಲಿ ಬಹಳ ಚೆನ್ನಾಗಿದೆ. ಆದರೆ ನನಗೆ ಮುಕ್ಕಾಲು ಕೆಲಸ ಕೊಡುವ ಪಾರ್ಟಿಗೆ ಬಡ್ಡಿ ಬಿಲ್ ಕಳಿಸಿದರೆ ಮುಂದಿನ ಪಿಓ (ಆರ್ಡರ್) ಬರುತ್ತದಾ? 2023-24ರ ಲೆಕ್ಕದಿಂದ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 43ಬಿ(ಎಚ್) ಬಂತು. ಸಣ್ಣ ಉತ್ಪಾದಕರಿಗೆ ಸಮಯಕ್ಕೆ ಕೊಡದಿದ್ದರೆ ಕೊಡುವವರೆಗೂ ಅದನ್ನು ಖರ್ಚಾಗಿ ತೋರಿಸುವಂತಿಲ್ಲ. ಆಗ ನಮ್ಮ ಒಂದು ಪಾರ್ಟಿ ಬೇಗ ಕೊಡಲು ಶುರು ಮಾಡಿತು. ಇನ್ನೊಂದು ಪಾರ್ಟಿ 'ನಿಮ್ಮ ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅನ್ನುವ ಸರ್ಕಾರಿ ದಾಖಲೆ) ತೆಗೆಸಿಬಿಡಿ' ಅಂತ ಫೋನ್ ಮಾಡಿತು. ದೊಡ್ಡವರಿಗೆ ಶೇ 9ಕ್ಕೆ ದುಡ್ಡು ಸಿಗುತ್ತದೆ, ಆದರೂ ಶೇ 20 ಕೊಡುವ ನನ್ನ ದುಡ್ಡನ್ನೇ 90 ದಿನ ಇಟ್ಟುಕೊಳ್ಳುತ್ತಾರೆ. ಇದಕ್ಕಿಂತ ಅನ್ಯಾಯ ನನಗೆ ಕಾಣುವುದಿಲ್ಲ.

ಇದಕ್ಕೆ ಉಪಾಯವಾಗಿ ಬಂದದ್ದು ಟ್ರೆಡ್ಸ್, ಬಾಕಿ ಬಿಲ್ ಮೇಲೆ ದುಡ್ಡು ಕೊಡಿಸುವ ಆನ್‌ಲೈನ್ ವೇದಿಕೆ. ಪಾರ್ಟಿ ನನ್ನ ಬಿಲ್ ಒಪ್ಪಿಕೊಂಡರೆ ಬ್ಯಾಂಕುಗಳು ಅದರ ಮೇಲೆ ಬಿಡ್ ಮಾಡುತ್ತವೆ. ದರ ಪಾರ್ಟಿಯ ಹೆಸರಿನ ಮೇಲೆ ನಿಲ್ಲುತ್ತದೆ, ನನ್ನ ಹೆಸರಿನ ಮೇಲಲ್ಲ. ನನಗೆ ಶೇ 9–10ಕ್ಕೆ ಕೆಲವೇ ದಿನದಲ್ಲಿ ದುಡ್ಡು ಬರುತ್ತದೆ. 250 ಕೋಟಿ ಮೀರಿದ ವಹಿವಾಟಿನ ಕಂಪನಿಗಳೆಲ್ಲ 2025ರ ಮಾರ್ಚ್ ಒಳಗೆ ಸೇರಲೇಬೇಕು ಅಂತ ನಿಯಮವೂ ಆಯಿತು. ಸೇರುವುದು ಕಡ್ಡಾಯ, ಬಿಲ್ ಒಪ್ಪುವುದು ಅವರ ಇಷ್ಟ. ಅಲ್ಲೇ ಕೊಕ್ಕೆ.

ದಾವಣಗೆರೆಯವರೇ, ಇನ್‌ಸ್ಪೆಕ್ಷನ್ ರಿಪೋರ್ಟ್, ಡೆಲಿವರಿ ಚಲನ್, ಇ-ವೇ ಬಿಲ್ ಎಲ್ಲ ಒಟ್ಟಿಗೆ ಸೇರಿಸಿ, ಪಾರ್ಟಿಯ ಅಕೌಂಟ್ಸ್ ವಿಭಾಗಕ್ಕೆ 'ಇದು ಬಾಕಿ ಇದೆ' ಅಂತ ನೆಪ ಹೇಳಲು ಬಿಡದ ಸಾಫ್ಟ್‌ವೇರ್ ಮಾಡಿ. ನನ್ನ ಬಿಲ್ 20 ದಿನ ಮೊದಲು ಪಾಸಾದರೆ ಆ ದುಡ್ಡಿನ ಬೆಲೆ ನನಗೆ ಗೊತ್ತು. ಅದಕ್ಕೆ ನಾನು ಚೌಕಾಸಿ ಮಾಡುವುದಿಲ್ಲ.

ಉಡುಪಿ ನಿವೃತ್ತ ಬ್ಯಾಂಕ್

ಬ್ಯಾಂಕಿನ ಕಡೆಯಿಂದಲೂ ಒಂದು ಮಾತು. 2025ರ ಆರಂಭದಲ್ಲಿ ರೆಪೊ ದರ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಶೇ 6.5 ಇತ್ತು, ಡಿಸೆಂಬರ್ ಹೊತ್ತಿಗೆ 5.25ಕ್ಕೆ ಇಳಿಯಿತು. ಹಾಗಂತ ನಿಮ್ಮ ಊರಿನ ಫೈನಾನ್ಸ್‌ನವರು ಒಂದೂಕಾಲು ಇಳಿಸಿದರಾ? ಇಲ್ಲ. ಯಾಕೆಂದರೆ ಸಣ್ಣ ಸಾಲದ ಬಡ್ಡಿಯಲ್ಲಿ ದುಡ್ಡಿನ ಮೂಲಬೆಲೆ ಒಂದು ಪಾಲು ಮಾತ್ರ. ಉಳಿದದ್ದು ಓಡಾಟ, ಕಾಗದ, ವಸೂಲಿ, ಮುಳುಗುವ ಸಾಲ. ಎರಡು ಲಕ್ಷದ ಸಾಲಕ್ಕೂ ಎರಡು ಕೋಟಿಯ ಸಾಲಕ್ಕೂ ಮ್ಯಾನೇಜರ್ ಸುಮಾರು ಅಷ್ಟೇ ಕೆಲಸ ಮಾಡಬೇಕು ಮಾರಾಯ್ರೆ.

ನಮ್ಮ ಕರಾವಳಿಯ ಹಿರಿಯರು ಇದಕ್ಕೆ ಹಿಂದೆಯೇ ಒಂದು ದಾರಿ ಹುಡುಕಿದ್ದರು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ, ಏಜೆಂಟ್ ಅಂಗಡಿ ಬಾಗಿಲಿಗೇ ಬಂದು ತಗೊಂಡು ಹೋಗುತ್ತಿದ್ದ. ಅದು ಬರೀ ಉಳಿತಾಯ ಅಲ್ಲ. ದಿನವೂ ಹೋಗುವವನಿಗೆ ಯಾರ ಅಂಗಡಿ ಓಡುತ್ತಿದೆ, ಯಾರದು ಸೊರಗಿದೆ ಅಂತ ಕಣ್ಣಿಗೇ ಕಾಣುತ್ತಿತ್ತು. ಪಿಗ್ಮಿ ಪುಸ್ತಕ ನೋಡಿ ಸಾಲ ಕೊಟ್ಟ ಮ್ಯಾನೇಜರ್‌ಗಳನ್ನು ನಾನೇ ಕಂಡಿದ್ದೇನೆ.

ಆಮೇಲೆ ಸರ್ಕಾರದ ದಾರಿಗಳು ಬಂದವು. 2000ರಲ್ಲಿ ಸಿಜಿಟಿಎಂಎಸ್‌ಇ, ಅಡಮಾನವಿಲ್ಲದ ಸಾಲಕ್ಕೆ ಖಾತರಿ, ಅದರ ಮಿತಿ ಈಗ 10 ಕೋಟಿ. 2015ರಲ್ಲಿ ಸಣ್ಣ ಕಸುಬಿನವರ ಸಾಲಕ್ಕೆ ಮುದ್ರಾ ಯೋಜನೆ. ಇವೆಲ್ಲ ಮುಳುಗುವ ಭಯವನ್ನು ಕಡಿಮೆ ಮಾಡಿದವು, ಕೆಲಸದ ಖರ್ಚನ್ನು ಕಡಿಮೆ ಮಾಡಲಿಲ್ಲ. ಆ ಖರ್ಚು ಇಳಿಸುವುದು ಜಿಎಸ್‌ಟಿ ರಿಟರ್ನ್, ಯುಪಿಐ ದಾಖಲೆ, ಅಕೌಂಟ್ ಅಗ್ರಿಗೇಟರ್ ಇಂಥವು. ಗಿರಾಕಿ ಒಪ್ಪಿಗೆ ಕೊಟ್ಟರೆ ಖಾತೆಯ ವಿವರ ನಿಮಿಷದಲ್ಲಿ ಬರುತ್ತದೆ. ಹಾಗಾಗಿ ಬಿಲ್ಲಿಂಗ್ ಸಾಫ್ಟ್‌ವೇರ್ ಸಾಲಕ್ಕೆ ಬೇಕಾದ ಕಾಗದವನ್ನೂ ತಯಾರು ಮಾಡಿಕೊಟ್ಟರೆ ಅಂಗಡಿಯವರಿಗೆ ನಿಜವಾದ ಲಾಭ ಅಲ್ಲಿದೆ.

ನೈರೋಬಿ ಕನ್ನಡಿಗ

ಇಲ್ಲಿ ಕೀನ್ಯಾದಲ್ಲಿ ಅದೇ ಮಾತು ಇನ್ನೂ ಜೋರಾಗಿ ಕಾಣುತ್ತದೆ. ಫೋನಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾ 2007ರಲ್ಲಿ ಬಂತು. 2012ರಲ್ಲಿ ಅದರ ಮೇಲೆಯೇ ಎಂ-ಶ್ವಾರಿ ಸಾಲ ಬಂತು, 30 ದಿನಕ್ಕೆ ಶೇ 7.5 ಶುಲ್ಕ. ತಿಂಗಳು ತಿಂಗಳು ತಗೊಂಡರೆ ವರ್ಷಕ್ಕೆ ಶೇ 90. ಆದರೂ ಜನ ಸಾಲುಗಟ್ಟಿ ತಗೊಂಡರು. ಕಾಗದ ಬೇಡ, ಅಡಮಾನ ಬೇಡ, ಫೋನಿನಲ್ಲೇ ಸಾಲ.

ಬಡ್ಡಿ ಜಾಸ್ತಿ ಅಂತ ಸರ್ಕಾರ 2016ರಲ್ಲಿ ಬ್ಯಾಂಕ್ ಬಡ್ಡಿಗೆ ಮಿತಿ ಹಾಕಿತು, ಕೇಂದ್ರ ಬ್ಯಾಂಕಿನ ದರದ ಮೇಲೆ ಶೇ 4 ಮಾತ್ರ ಅಂತ. ಉದ್ದೇಶ ಒಳ್ಳೆಯದೇ. ಆದರೆ ಬ್ಯಾಂಕುಗಳು ಸಣ್ಣವರಿಗೆ ಕೊಡುವುದನ್ನೇ ಕಡಿಮೆ ಮಾಡಿ ಸರ್ಕಾರದ ಬಾಂಡ್ ಕೊಂಡವು. ಸಣ್ಣ ಅಂಗಡಿಯವರು ಆಪ್ ಸಾಲದ ಕಡೆಗೆ ಹೋದರು. 2019ರ ನವೆಂಬರ್‌ನಲ್ಲಿ ಆ ಮಿತಿ ತೆಗೆದುಹಾಕಿದರು. 2024ರಲ್ಲಿ ಸರ್ಕಾರವೇ ಮೂರು ತಿಂಗಳ ಸಾಲಕ್ಕೆ ಶೇ 16ರ ಹತ್ತಿರ ಕೊಡುತ್ತಿತ್ತು. ಸರ್ಕಾರವೇ ಅಷ್ಟು ಕೊಡುವಾಗ ಬ್ಯಾಂಕು ತರಕಾರಿ ಅಂಗಡಿಗೆ ಯಾಕೆ ಸಾಲ ಕೊಡುತ್ತದೆ?

ಒಂದು ವಿಷಯ ನೆನಪಿಡಿ. ಆಫ್ರಿಕಾದ ಚಿಲ್ಲರೆ ಅಂಗಡಿಗಳಿಗೆ ಆಪ್ ಮೂಲಕ ಮಾಲು ಕೊಡುವ ಕಂಪನಿಗಳು ಬಹಳ ಬೆಳೆದವು. ಅಂಗಡಿಯವರಿಗೆ ಅವುಗಳಲ್ಲಿ ಇಷ್ಟವಾದದ್ದು ಮನೆಬಾಗಿಲಿಗೆ ಬರುವ ಮಾಲು ಮತ್ತು ಉದ್ರಿ. ಆ ಉದ್ರಿಗೆ ದುಡ್ಡು ಬರುತ್ತಿದ್ದದ್ದು ಹೊರದೇಶದ ಹೂಡಿಕೆದಾರರಿಂದ. 2022ರಲ್ಲಿ ಅಮೆರಿಕದಲ್ಲಿ ಬಡ್ಡಿ ಏರಿತು, ಹೂಡಿಕೆ ಬತ್ತಿತು, ಕಂಪನಿಗಳು ನಗರ ನಗರಗಳಿಂದ ಹಿಂದೆ ಸರಿದವು. ಇಲ್ಲಿನ ವಸೋಕೊ, ಈಜಿಪ್ಟಿನ ಮ್ಯಾಕ್ಸ್‌ಎಬಿ 2024ರಲ್ಲಿ ಒಂದಾದವು. ವಾಷಿಂಗ್ಟನ್‌ನಲ್ಲಿ ದರ ಏರಿದರೆ ನೈರೋಬಿಯ ಗೂಡಂಗಡಿಯ ಉದ್ರಿ ನಿಲ್ಲುತ್ತದೆ.

ಹುಬ್ಬಳ್ಳಿ ರೊಟ್ಟಿ ಮನೆ

ಎಲ್ಲರೂ ದೊಡ್ಡ ಲೆಕ್ಕ ಹೇಳುತ್ತಿದ್ದೀರಿ, ನಾನು ಸಣ್ಣದು ಹೇಳುತ್ತೇನೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ ಮಾರುತ್ತೇವೆ. ನಾಲ್ಕು ಹೆಂಗಸರು ಕೆಲಸಕ್ಕಿದ್ದಾರೆ. ಮೊದಲ ದುಡ್ಡು ಸ್ವಸಹಾಯ ಸಂಘದ ಸಾಲ, ವಾರ ವಾರ ಕಂತು. ವಾರದ ಕಂತು ಇರುವವರು ವಾರದೊಳಗೆ ದುಡ್ಡಾಗುವ ಮಾಲನ್ನೇ ಮಾಡಬೇಕು. ಅದಕ್ಕೇ ರೊಟ್ಟಿ ಬಡಿಯುವುದು ಜಾಸ್ತಿ, ಮೂರು ತಿಂಗಳು ಇಡಬೇಕಾದ ಉಪ್ಪಿನಕಾಯಿ ಮಾಡುವುದಿಲ್ಲ. ಉಪ್ಪಿನಕಾಯಿಯಲ್ಲಿ ಲಾಭ ಜಾಸ್ತಿ ಅಂತ ನನಗೂ ಗೊತ್ತಿದೆ.

ಒಂದು ದೊಡ್ಡ ಅಂಗಡಿಯವರು ಮಾಲು ಕೇಳಿದರು, 60 ದಿನಕ್ಕೆ ದುಡ್ಡು ಅಂದರು. ಬೇಡ ಅಂದೆ. ಮೆಸ್‌ಗಳಿಗೆ ಕೊಡುತ್ತೇನೆ, ಬೆಲೆ ಎರಡು ರೂಪಾಯಿ ಕಮ್ಮಿ, ಆದರೆ ಸಂಜೆಗೆ ದುಡ್ಡು.

ರೊಟ್ಟಿ ಮಷೀನಿಗೆ ಬ್ಯಾಂಕಿಗೆ ಹೋದಾಗ ಆಸ್ತಿ ಯಾರ ಹೆಸರಲ್ಲಿದೆ ಅಂತ ಕೇಳಿದರು. ನನ್ನ ಹೆಸರಲ್ಲಿ ಇಲ್ಲ. ನಮ್ಮ ಎಷ್ಟು ಹೆಂಗಸರ ಹೆಸರಲ್ಲಿ ಇದೆ ಹೇಳಿ?

ದಾವಣಗೆರೆ ಬಿಲ್ಲಿಂಗ್

ಅಕ್ಕಾ, ನೀವು ಹೇಳಿದ್ದಕ್ಕೆ ಹೊಂದುವ ಒಂದು ಅಧ್ಯಯನ ಇದೆ. ಸುನಾಮಿ ಆದಮೇಲೆ 2005ರಿಂದ ಶ್ರೀಲಂಕಾದ ದಕ್ಷಿಣದಲ್ಲಿ ಸುರೇಶ್ ದ ಮೆಲ್, ಡೇವಿಡ್ ಮೆಕೆಂಜಿ, ಕ್ರಿಸ್ಟೋಫರ್ ವುಡ್ರಫ್ ಸೇರಿ ಮಾಡಿದ್ದು. ಚಿಕ್ಕ ಅಂಗಡಿ, ಕಸುಬಿನವರಲ್ಲಿ ಲಾಟರಿ ಎತ್ತಿ ಕೆಲವರಿಗೆ 10 ಸಾವಿರ ಅಥವಾ 20 ಸಾವಿರ ಶ್ರೀಲಂಕಾ ರೂಪಾಯಿ ಸುಮ್ನೆ ಕೊಟ್ಟರು. ಹಾಗೆ ಕೊಟ್ಟ ಬಂಡವಾಳ ತಿಂಗಳಿಗೆ ಸುಮಾರು ಶೇ 5ರಂತೆ ಲಾಭ ತಂದಿತು, ಅಲ್ಲಿನ ಬ್ಯಾಂಕ್ ಬಡ್ಡಿಗಿಂತ ಎಷ್ಟೋ ಜಾಸ್ತಿ. ಅಂದರೆ ಸಣ್ಣವರಲ್ಲಿ ದುಡಿಸುವ ಶಕ್ತಿ ಇದೆ, ಬಂಡವಾಳ ಇಲ್ಲ. ಆದರೆ ಹೆಂಗಸರ ಕಸುಬಿನಲ್ಲಿ ಲಾಭ ಸರಾಸರಿ ಸೊನ್ನೆ ಬಂತು.

ಹುಬ್ಬಳ್ಳಿ ರೊಟ್ಟಿ ಮನೆ

ಸೊನ್ನೆ ಅಂದರೆ ಹೆಂಗಸರಿಗೆ ವ್ಯಾಪಾರ ಬರುವುದಿಲ್ಲ ಅಂತ ಓದಬೇಡಿ ತಮ್ಮಾ. ನಮ್ಮ ಕೈಗೆ ದುಡ್ಡು ಬಂದರೆ ಅದು ಗಂಡನ ಅಂಗಡಿಗೆ, ಮಗನ ಫೀಸಿಗೆ, ಅತ್ತೆಯ ಔಷಧಿಗೆ ಹೋಗುತ್ತದೆ. ಕಸುಬಿನಲ್ಲಿ ಉಳಿದರೆ ತಾನೆ ಲಾಭ ಬರುವುದು?

ದಾವಣಗೆರೆ ಬಿಲ್ಲಿಂಗ್

ನೀವು ಹೇಳಿದ್ದೇ ಸರಿ ಅಕ್ಕಾ. 2019ರಲ್ಲಿ ಭಾರತ, ಶ್ರೀಲಂಕಾ, ಘಾನಾ ಮೂರೂ ಕಡೆಯ ಅಂಕಿಗಳನ್ನು ಇನ್ನೊಂದು ತಂಡ ಮತ್ತೆ ಜಾಲಾಡಿತು. ಮನೆಯಲ್ಲಿ ಬೇರೆ ಯಾರದೂ ವ್ಯಾಪಾರ ಇಲ್ಲದಿದ್ದಾಗ ಹೆಂಗಸರ ಲಾಭವೂ ಗಂಡಸರಷ್ಟೇ ಇತ್ತು. ದುಡ್ಡು ಗಂಡನ ಕಸುಬಿಗೆ ಹರಿದುಹೋಗುತ್ತಿತ್ತು.

ಬೆಂಗಳೂರು ಕೋಡರ್

ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. ಬಡ್ಡಿಯೇ ಕಾರಣವಾದರೆ ಉದ್ರಿ ಲೆಕ್ಕ ಬರೆಯುವ ಆಪ್‌ಗಳಾದ ಖಾತಾಬುಕ್, ಓಕೆಕ್ರೆಡಿಟ್ ಪೂರ್ತಿ ಉಚಿತ ಕೊಟ್ಟಾಗ ಎಲ್ಲರೂ ಅಲ್ಲೇ ಉಳಿಯಬೇಕಿತ್ತು. ಎಷ್ಟೋ ಜನ ಇವತ್ತಿಗೂ ಪುಸ್ತಕದಲ್ಲೇ ಉದ್ರಿ ಬರೆಯುತ್ತಾರೆ. ಇನ್ನೊಂದು ಕಾರಣ ಇದೆ, ಭಯ. 2025ರ ಜುಲೈನಲ್ಲಿ ಯುಪಿಐ ಅಂಕಿ ಇಟ್ಟುಕೊಂಡು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಕೊಟ್ಟಿತು. ಸರಕಿನ ವ್ಯಾಪಾರಕ್ಕೆ 40 ಲಕ್ಷದ ಮಿತಿ ದಾಟಿದ್ದೀರಿ, ಹಿಂದಿನ ವರ್ಷಗಳದ್ದೂ ಕಟ್ಟಿ ಅಂತ. ಹಾಲು, ತರಕಾರಿಗೆ ತೆರಿಗೆ ಇಲ್ಲ, ಆದರೂ ಒಟ್ಟು ಮೊತ್ತ ನೋಡಿ ನೋಟಿಸ್ ಹೋಯಿತು. ವಾರದೊಳಗೆ ನಮ್ಮ ಬೀದಿಯಲ್ಲಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಬೋರ್ಡ್. ಆಮೇಲೆ ಸರ್ಕಾರ ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಕೊಳ್ಳಿ ಅಂದಿತು. ಆದರೆ ದಾಖಲೆ ಇಟ್ಟರೆ ತೊಂದರೆ ಅನ್ನುವ ಪಾಠ ಜನ ಕಲಿತಾಯಿತು.

ಉಡುಪಿ ನಿವೃತ್ತ ಬ್ಯಾಂಕ್

ಭಯ ನಿಜ. ಆದರೆ ಅದನ್ನೂ ಬಡ್ಡಿಯ ಲೆಕ್ಕದಲ್ಲೇ ನೋಡಬಹುದು. ದಾಖಲೆ ಇಟ್ಟರೆ ಶೇ 11ರ ಸಾಲ ಖಂಡಿತ ಸಿಗುತ್ತದೆ ಅಂತಾದರೆ, ಮೂರು ರೂಪಾಯಿ ಬಡ್ಡಿ ಕಟ್ಟುವವರು ತೆರಿಗೆ ಕಟ್ಟಿಯೂ ಗೆಲ್ಲುತ್ತಾರೆ. ಇವತ್ತು ಏನಾಗಿದೆ? ದಾಖಲೆಗೆ ನೋಟಿಸ್ ಬರುವುದು ಬೇಗ, ಸಾಲ ಬರುವುದು ನಿಧಾನ.

ತುಮಕೂರು ಹಾರ್ಡ್‌ವೇರ್

ಕೋಡರ್ ಅವರೇ, ಸೌಂಡ್‌ಬಾಕ್ಸ್ ನೋಡಿ. ಕಡಲೆಕಾಯಿ ಗಾಡಿಯಲ್ಲೂ ಇದೆ. ಮುಂಗಡ ಇಲ್ಲ, ತಿಂಗಳಿಗೆ ನೂರು ರೂಪಾಯಿ ಆಸುಪಾಸು ಬಾಡಿಗೆ, ದುಡ್ಡು ಬಂದಿದ್ದು ಕೂಗಿ ಹೇಳುತ್ತದೆ. ಅದೇ ಕಂಪನಿ ಆಮೇಲೆ ಸಾಲ ಕೊಡಿಸಿ ದಿನದ ವ್ಯಾಪಾರದಲ್ಲೇ ಕಂತು ಕಳೆಯುತ್ತದೆ. ಉಚಿತ ಲೆಡ್ಜರ್ ಆಪ್ ನನ್ನ ದುಡ್ಡಿಗೆ ಏನೂ ಮಾಡಲಿಲ್ಲ, ಇದು ಮಾಡುತ್ತದೆ. ನೂರು ರೂಪಾಯಿ ಕೊಟ್ಟಿದ್ದು ಯಾರಿಗೂ ಭಾರ ಅನ್ನಿಸಲಿಲ್ಲ.

ದಾವಣಗೆರೆ ಬಿಲ್ಲಿಂಗ್

ಹಾಗಾದರೆ ನಾವು ಮಾಡಬೇಕಾದದ್ದು ನನಗೆ ಕಾಣುತ್ತಿದೆ. ವರ್ಷದ ಮುಂಗಡ ಬಿಟ್ಟು ತಿಂಗಳು ಮುಗಿದ ಮೇಲೆ ದುಡ್ಡು, ಹುಡುಗನ ಸಂಬಳದ ಹಾಗೆ. ಆಗ ನಮ್ಮ ಕಡೆ ಬಂಡವಾಳ ಬೇಕು, ನಮಗೂ ಸಾಫ್ಟ್‌ವೇರ್ ತೋರಿಸಿ ಸಾಲ ಸಿಗುವುದಿಲ್ಲ. ಮೊದಲು ಕೆಲವು ಅಂಗಡಿಗಳಲ್ಲಿ ಮಾತ್ರ ಮಾಡಿ ನೋಡುತ್ತೇವೆ. ಮೊದಲ ಪರದೆಯಲ್ಲಿ ಮಾರಾಟದ ಗ್ರಾಫ್ ತೆಗೆದು ಎರಡೇ ಅಂಕಿ ಇಡುತ್ತೇವೆ: ಆರು ತಿಂಗಳಿಂದ ಅಲುಗಾಡದ ಮಾಲು ಎಷ್ಟು ರೂಪಾಯಿಯದ್ದು, ಅದಕ್ಕೆ ಈ ತಿಂಗಳು ಹೋದ ಬಡ್ಡಿ ಎಷ್ಟು. ತುಮಕೂರಿನವರೇ, ನಿಮ್ಮ ಅಂಗಡಿಯಲ್ಲಿ ಕೈಯಲ್ಲೇ ಒಮ್ಮೆ ಹಾಕಿ ನೋಡುತ್ತೀರಾ?

ತುಮಕೂರು ಹಾರ್ಡ್‌ವೇರ್

ನಿನ್ನೆ ರಾತ್ರಿ ಬಾಗಿಲು ಹಾಕಿದ ಮೇಲೆ ತಮ್ಮನ ಜೊತೆ ಕೂತು ಹಾಕಿದೆ. ಹಳೆ ಮಾಡೆಲಿನ ನೀರಿನ ನಲ್ಲಿ, ಷವರ್ ಸೆಟ್, ಯಾರೂ ಕೇಳದ ಸೈಜಿನ ಸಿಪಿವಿಸಿ ಫಿಟಿಂಗ್ಸ್ ಸೇರಿ 1.8 ಲಕ್ಷ. ಎರಡು ರೂಪಾಯಿ ಲೆಕ್ಕದಲ್ಲಿ ತಿಂಗಳಿಗೆ 3,600. ಇದು ಗೊತ್ತಾದ ಮೇಲೆ ನಿದ್ದೆ ಸರಿಯಾಗಿ ಬರಲಿಲ್ಲ. ಆದರೆ ಅಂಕಿ ತೋರಿಸಿದರೆ ಸಾಲದು, ಮಾಲು ಹೋಗಬೇಕಲ್ಲ. ಡಿಸ್ಟ್ರಿಬ್ಯೂಟರ್ ವಾಪಸ್ ತಗೊಳ್ಳುವುದಿಲ್ಲ. ನಿಮ್ಮ ಸಾಫ್ಟ್‌ವೇರ್ ಹತ್ತು ಊರಿನ ಅಂಗಡಿಗಳಲ್ಲಿ ಇದೆಯಲ್ಲ, ನನ್ನಲ್ಲಿ ಕೊಳೆಯುತ್ತಿರುವ ಫಿಟಿಂಗ್ಸ್ ತಿಪಟೂರಲ್ಲೋ ಹಿರಿಯೂರಲ್ಲೋ ಯಾರಿಗಾದರೂ ಬೇಕಾಗಿದೆಯಾ ಅಂತ ಅದು ಹೇಳಬಲ್ಲದಾ? ಅಷ್ಟು ಮಾಡಿದರೆ ಬಾಡಿಗೆ ಏನು, ಹೋದ ಮಾಲಿನ ಮೇಲೆ ಕಮಿಷನ್ನೇ ಕೊಡುತ್ತೇನೆ.

ಪೀಣ್ಯ ಜಾಬ್‌ವರ್ಕ್

ತುಮಕೂರಿನವರೇ, ನಲ್ಲಿಗಳು ಹಿತ್ತಾಳೆಯವಾ? ಹಾಗಿದ್ದರೆ ಹೋಗದ ಮಾಡೆಲ್‌ಗಳನ್ನು ತೂಕಕ್ಕೆ ಕೇಳುವವರು ಇಲ್ಲಿ ಇದ್ದಾರೆ. ಕೊಂಡ ಬೆಲೆ ಬರುವುದಿಲ್ಲ, ಆದರೆ ದುಡ್ಡು ಅವತ್ತೇ ಕೈಗೆ. ಪಟ್ಟಿ ಕಳಿಸಿ, ಕೇಳಿ ಹೇಳುತ್ತೇನೆ.